ಬೇವಿನೆಣ್ಣೆ ನೀರಿನ ಮೇಲೆ ತೇಲದಂತೆ ಮಾಡುವುದು: ನ್ಯಾನೋಎಮಲ್ಷನ್ ತಯಾರಿಸುವ ಕ್ರಮ

"ಎಂತ ಮಷಿನ್ ತಗೊಳ್ಬೇಕು?"

ನನಗೆ ಬರುವ ಪ್ರಶ್ನೆ ಹೆಚ್ಚಾಗಿ ಇದೇ. ಕೇಳುವವರಲ್ಲಿ ಎರಡು ಬಗೆ. ಕೊಣಾಜೆ, ದೇರಳಕಟ್ಟೆ, ಸುರತ್ಕಲ್, ಮಣಿಪಾಲದ ಕಡೆ ಪ್ರಾಜೆಕ್ಟ್ ಮಾಡುವ ಮಕ್ಕಳು ಒಂದು ಕಡೆ. ಅಂಗಳದಲ್ಲಿ ಮಲ್ಲಿಗೆ ಬೆಳೆಸಿಕೊಂಡು, ಬೇವಿನೆಣ್ಣೆ ಬಿಡಲು ಹೋಗಿ, ಪಂಪಿನೊಳಗೆ ಎಣ್ಣೆ ಮೇಲೆ ನೀರು ಕೆಳಗೆ ಆಗಿ ಬೇಸತ್ತವರು ಇನ್ನೊಂದು ಕಡೆ. ಇಬ್ಬರಿಗೂ ನಾನು ಹೇಳುವುದು ಒಂದೇ: ಮಷಿನ್ ಮಾತು ಆಮೇಲೆ. ಮಷಿನ್ ಹನಿಯನ್ನು ಒಡೆದುಕೊಡುತ್ತದೆ. ಒಡೆದ ಹನಿ ಮತ್ತೆ ಒಂದಾಗದಂತೆ ಹಿಡಿದಿಡುವುದು ಮಷಿನ್ ಕೆಲಸ ಅಲ್ಲ. ಅದು ನಿಮ್ಮ ಅಳತೆಯ ಕೆಲಸ, ಐಸಿನ ಕೆಲಸ, ಸ್ವಲ್ಪ ತಾಳ್ಮೆಯ ಕೆಲಸ.

ಕೆಳಗಿರುವುದು 100 ಗ್ರಾಂನ ಒಂದು ಬ್ಯಾಚಿನ ಲೆಕ್ಕ. ಎಣ್ಣೆ ಬೇವಿನದ್ದು. ಹೊಂಗೆ, ತೆಂಗು, ಎಳ್ಳು ಯಾವುದಾದರೂ ಕ್ರಮ ಹೆಚ್ಚುಕಮ್ಮಿ ಇದೇ. ಪರಿಮಳದ ಎಣ್ಣೆಗಳದ್ದು ಬೇರೆ ಕಥೆ, ಅದನ್ನು ಮುಂದೆ ಹೇಳುತ್ತೇನೆ.

ಹನಿ ಯಾಕೆ ಅಷ್ಟು ಸಣ್ಣದಿರಬೇಕು?

ಎಮಲ್ಷನ್ ಅಂದರೆ ನೀರಿನೊಳಗೆ ಎಣ್ಣೆಯ ಸಣ್ಣ ಹನಿಗಳು ಹರಡಿಕೊಂಡಿರುವ ದ್ರವ. ತೆಂಗಿನಕಾಯಿ ಹಾಲು ಹಿಂಡಿ ಇಟ್ಟರೆ ಸ್ವಲ್ಪ ಹೊತ್ತಿಗೆ ಮೇಲೆ ಕೆನೆ ಕಟ್ಟುತ್ತದಲ್ವಾ? ಅದೂ ಎಮಲ್ಷನ್ನೇ, ಹನಿ ಮಾತ್ರ ದೊಡ್ಡದು. ಹನಿ ಮೇಲೇರುವ ವೇಗ ಅದರ ಗಾತ್ರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 10 ಮೈಕ್ರಾನಿನ ಹನಿ ನೀರಿನಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ಮೊಳ ಏರುತ್ತದೆ. 1 ಮೈಕ್ರಾನಿನದ್ದು ದಿನಕ್ಕೆ 5 ಮಿಲಿಮೀಟರ್. 100 ನ್ಯಾನೋಮೀಟರಿಗೆ, ಅಂದರೆ ಮೈಕ್ರಾನಿನ ಹತ್ತರಲ್ಲಿ ಒಂದು ಪಾಲಿಗೆ, ಇಳಿಸಿದರೆ 0.05 ಮಿಲಿಮೀಟರ್. ಅಷ್ಟು ಸಣ್ಣ ಹನಿಯನ್ನು ನೀರಿನ ಕಣಗಳೇ ಆಚೀಚೆ ನೂಕುತ್ತಿರುತ್ತವೆ, ಹಾಗಾಗಿ ಅದು ಮೇಲೇರುವುದೇ ಇಲ್ಲ ಅನ್ನಬಹುದು. ಸುಮಾರು 20ರಿಂದ 200 ನ್ಯಾನೋಮೀಟರ್ ಹನಿ ಇರುವ ಎಮಲ್ಷನ್‌ಗೆ ನ್ಯಾನೋಎಮಲ್ಷನ್ ಅನ್ನುತ್ತಾರೆ. 100 ನ್ಯಾನೋಮೀಟರ್ ಅಂದರೆ ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಹತ್ತಿರ ಹತ್ತಿರ ಒಂದು ಪಾಲು.

ಇಷ್ಟು ಸಣ್ಣ ಹನಿ ಸುಮ್ನೆ ಕಲಕಿದರೆ ಆಗುವುದಿಲ್ಲ. ಸಣ್ಣದಾದಷ್ಟೂ ಹನಿಯೊಳಗಿನ ಒತ್ತಡ ಏರುತ್ತದೆ. ಸೋಪಿನಂಥ ವಸ್ತು ಹಾಕಿದ ಮೇಲೂ, 100 ನ್ಯಾನೋಮೀಟರಿನ ಹನಿಯೊಳಗೆ ಸುಮಾರು 2 ಬಾರ್ ಒತ್ತಡ ಇರಬಹುದು. ಕಾರಿನ ಟಯರಿಗೆ ಹಾಕುವ ಗಾಳಿಯಷ್ಟು. ಅಂಥದ್ದನ್ನು ಇನ್ನೂ ಒಡೆಯಬೇಕು ಅಂದರೆ ಹೊರಗಿನಿಂದ ಜೋರು ಪೆಟ್ಟೇ ಬೇಕು. ಈ ಕ್ರಮಕ್ಕೆ "ಹೈ ಎನರ್ಜಿ" ಅನ್ನುವುದು ಅದಕ್ಕೆ.

ಬೇಕಾದ ಸಾಮಾನು

ಶೋಧಿಸಿದ ಬೇವಿನೆಣ್ಣೆ. ಡಿಸ್ಟಿಲ್ಡ್ ವಾಟರ್. ಟ್ವೀನ್ 80 ಮತ್ತು ಸ್ಪ್ಯಾನ್ 80. ಈ ಎರಡೂ ಸರ್ಫ್ಯಾಕ್ಟೆಂಟ್, ಅಂದರೆ ಒಂದು ತುದಿಯಲ್ಲಿ ಎಣ್ಣೆಯನ್ನೂ ಇನ್ನೊಂದು ತುದಿಯಲ್ಲಿ ನೀರನ್ನೂ ಹಿಡಿದುಕೊಳ್ಳುವ ವಸ್ತುಗಳು. 0.01 ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್, ಉದ್ದನೆಯ 150 ಎಂಎಲ್ ಬೀಕರ್. ಒಂದು ಥರ್ಮಾಕೋಲ್ ಮೀನಿನ ಪೆಟ್ಟಿಗೆ ಮತ್ತು ಪುಡಿ ಐಸ್. ಧಕ್ಕೆ ಅಥವಾ ಮಲ್ಪೆಯ ಮೀನು ಬಂದರಿನ ಹತ್ತಿರ ಇರುವವರಿಗೆ ಐಸಿನ ಚಿಂತೆ ಇಲ್ಲ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ನಮ್ಮ ಮುರಕಲ್ಲು ನೆಲದ ಬಾವಿಗಳಲ್ಲಿ ಕೆಲವು ಕಡೆ ಕಬ್ಬಿಣದ ಅಂಶ ಇರುತ್ತದೆ. ಅಳಿವೆ ಹತ್ತಿರದ ಬಾವಿಗಳು ಏಪ್ರಿಲ್, ಮೇ ಬಂತೆಂದರೆ ಉಪ್ಪಾಗುತ್ತವೆ. ಬಾವಿ ನೀರು ಹಾಕಿದರೆ, ಇಂದು ಸರಿಯಾಗಿ ಬಂದ ಬ್ಯಾಚ್ ಮುಂದಿನ ತಿಂಗಳು ಯಾಕೆ ಬರಲಿಲ್ಲ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಹಂತ 1: ಅಳತೆ

ಬೇವಿನೆಣ್ಣೆ 5 ಗ್ರಾಂ, ಟ್ವೀನ್ 80 4 ಗ್ರಾಂ, ಸ್ಪ್ಯಾನ್ 80 1 ಗ್ರಾಂ, ನೀರು 90 ಗ್ರಾಂ.

ಎಣ್ಣೆಯಷ್ಟೇ ಸರ್ಫ್ಯಾಕ್ಟೆಂಟ್ ಯಾಕೆ ಅಂತ ಕೇಳುತ್ತೀರಿ. 5 ಎಂಎಲ್ ಎಣ್ಣೆಯನ್ನು 100 ನ್ಯಾನೋಮೀಟರಿನ ಹನಿಗಳಾಗಿ ಒಡೆದರೆ ಎಲ್ಲಾ ಹನಿಗಳ ಮೇಲ್ಮೈ ಸೇರಿ 300 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಏಳೂವರೆ ಸೆಂಟ್ಸ್ ಜಾಗ, ಒಂದು ಮನೆ ಕಟ್ಟಬಹುದು. ಒಂದು ಚಮಚ ಎಣ್ಣೆಗೆ ಅಷ್ಟು ಜಾಗ! ಅದಷ್ಟಕ್ಕೂ ಹೊದಿಕೆ ಹಾಕಬೇಕು, ಅದೂ ಹನಿ ಒಡೆದ ಕ್ಷಣದಲ್ಲೇ. ಹೊದಿಕೆ ಸಾಲದಿದ್ದರೆ ಪಕ್ಕದ ಹನಿಗೆ ತಾಗಿ ಮತ್ತೆ ಒಂದಾಗುತ್ತದೆ. ನೀವು ಎಷ್ಟು ಹೊತ್ತು ಮಷಿನ್ ಓಡಿಸಿದರೂ ಅಷ್ಟೇ.

ಎರಡು ಬಗೆಯ ಸರ್ಫ್ಯಾಕ್ಟೆಂಟ್ ಸೇರಿಸುವುದಕ್ಕೂ ಕಾರಣ ಇದೆ. ಎಚ್‌ಎಲ್‌ಬಿ ಅಂತ ಒಂದು ಅಂಕಿ ಇದೆ. ಆ ವಸ್ತು ನೀರಿನ ಕಡೆ ಎಷ್ಟು ವಾಲುತ್ತದೆ, ಎಣ್ಣೆಯ ಕಡೆ ಎಷ್ಟು ಅಂತ ಅದು ತೋರಿಸುತ್ತದೆ. ಟ್ವೀನ್ 80ರದ್ದು 15, ಸ್ಪ್ಯಾನ್ 80ರದ್ದು 4.3. ನಾಲ್ಕಕ್ಕೆ ಒಂದರಂತೆ ಸೇರಿಸಿದರೆ ಸರಾಸರಿ ಸುಮಾರು 12.9 ಬರುತ್ತದೆ. ನೀರಿನೊಳಗೆ ಎಣ್ಣೆ ಹರಡಬೇಕಾದಾಗ ಇಲ್ಲಿಂದ ಶುರು ಮಾಡಬಹುದು. ಆದರೆ ಇದನ್ನೇ ಕಣ್ಣು ಮುಚ್ಚಿ ನಂಬಬೇಡಿ. ಒಂದೊಂದು ಗಾಣದ ಎಣ್ಣೆ ಒಂದೊಂದು ಥರ. ಒಟ್ಟು ಸರ್ಫ್ಯಾಕ್ಟೆಂಟ್ 2.5, 5 ಮತ್ತು 7.5 ಗ್ರಾಂ ಇರುವ ಮೂರು ಸಣ್ಣ ಬ್ಯಾಚ್ ಮಾಡಿ ನೋಡಿ. ಯಾವುದು ಕಡಿಮೆಯಲ್ಲಿ ನಿಲ್ಲುತ್ತದೋ ಅದನ್ನೇ ಇಟ್ಟುಕೊಳ್ಳಿ. ಜಾಸ್ತಿ ಹಾಕಿದರೆ ಹನಿ ಸಣ್ಣದಾಗಬಹುದು, ಆದರೆ ನೊರೆ ಏಳುತ್ತದೆ, ಎಲೆ ಸುಡುತ್ತದೆ, ದುಡ್ಡೂ ಹೋಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಟ್ವೀನನ್ನು ಎಂಎಲ್ ಲೆಕ್ಕದಲ್ಲಿ ಅಳೆಯುವುದು. ಅದು ಜೇನಿನ ಹಾಗೆ ಅಂಟು. ಅಳತೆ ಪಾತ್ರೆಯ ಗೋಡೆಯಲ್ಲೇ ಒಂದು ಗ್ರಾಂ ಉಳಿದುಬಿಡುತ್ತದೆ. ಬೀಕರನ್ನೇ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ನೇರ ಅದಕ್ಕೇ ಸುರಿದು ತೂಗಿ.

ಹಂತ 2: ಎರಡು ಪಾತ್ರೆ

ಎಣ್ಣೆಯನ್ನು ಮೊದಲು ತೆಳು ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಗಷ್ಟು, ಅಂದರೆ ತಳದ ಗಸಿ, ಉಳಿದರೆ ಮುಂದೆ ಹೇಳುವ ಪ್ರೆಷರ್ ಮಷಿನಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಪ್ಯಾನನ್ನು ಎಣ್ಣೆಗೆ ಸೇರಿಸಿ. ಟ್ವೀನನ್ನು ನೀರಿಗೆ ಸೇರಿಸಿ ನಿಧಾನಕ್ಕೆ ಕಲಕಿ, ಪೂರ್ತಿ ಕರಗುವ ತನಕ ಕಾಯಿರಿ. ಎರಡನ್ನೂ 40 ಡಿಗ್ರಿಗೆ ಬಿಸಿ ಮಾಡಿ. ಬಿಸಿಯಾದ ಎಣ್ಣೆ ತೆಳುವಾಗುತ್ತದೆ, ತೆಳು ಎಣ್ಣೆ ಬೇಗ ಒಡೆಯುತ್ತದೆ. ಹರಳೆಣ್ಣೆಯಂಥ ಮಂದ ಎಣ್ಣೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹಂತ 3: ಮೊದಲ ಒಡೆತ

ಎಣ್ಣೆಯನ್ನು ನೀರಿಗೆ ದಾರದಂತೆ ಸುರಿಯುತ್ತಾ ಹೈ ಶಿಯರ್ ಮಿಕ್ಸರಿನಲ್ಲಿ ಕಲಕಿ. ಇದು ಒಳಗೆ ತಿರುಗುವ ಬ್ಲೇಡು, ಹೊರಗೆ ತೂತುಗಳಿರುವ ನಿಂತ ಕವಚ ಇರುವ ಉಪಕರಣ. 8,000ದಿಂದ 10,000 ಆರ್‌ಪಿಎಂನಲ್ಲಿ 5 ನಿಮಿಷ ಸಾಕು. ತಲೆ ಪೂರ್ತಿ ಮುಳುಗಿರಲಿ, ಬೀಕರಿನ ನಟ್ಟನಡುವೆ ಬೇಡ, ಸ್ವಲ್ಪ ಬದಿಗಿರಲಿ. ನಡುವೆ ಇಟ್ಟರೆ ಸುಳಿ ಎದ್ದು ಗಾಳಿ ಎಳೆದುಕೊಳ್ಳುತ್ತದೆ.

ಮನೆಯ ಮಿಕ್ಸಿ ಆಗುತ್ತದಾ? ಈ ಹಂತಕ್ಕೆ ಮಾತ್ರ ಆಗುತ್ತದೆ. 30 ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಆ ಜಾರಿನಲ್ಲಿ ಆಮೇಲೆ ಚಟ್ನಿ ಮಾಡುವ ಆಸೆ ಬಿಟ್ಟುಬಿಡಿ. ಮಿಕ್ಸಿಯಿಂದ ಬಿಳಿ ಹಾಲಿನಂಥದ್ದು ಬರುತ್ತದೆ, ಅದನ್ನೇ ನ್ಯಾನೋ ಅಂದುಕೊಳ್ಳುವವರು ತುಂಬಾ ಜನ. ಅದು ಮೈಕ್ರಾನ್ ಲೆಕ್ಕದ ಹನಿ. ಮರುದಿನ ಬೆಳಿಗ್ಗೆ ಮೇಲೆ ಹಳದಿ ಗೆರೆ ಕಾಣುತ್ತದೆ.

ಈ ಹಂತ ಬಿಟ್ಟು ನೇರ ದೊಡ್ಡ ಮಷಿನಿಗೆ ಹೋಗಬೇಡಿ. ಒಂದು ತೊಟ್ಟನ್ನು ಗ್ಲಾಸಿನ ನೀರಿಗೆ ಬಿಡಿ. ಹೊಗೆಯಂತೆ ಹರಡಬೇಕು. ಹಳದಿ ಮಣಿಗಳು ತೇಲಿದರೆ ಇನ್ನೆರಡು ನಿಮಿಷ ಓಡಿಸಿ.

ಹಂತ 4: ನಿಜವಾದ ಒಡೆತ

ಇಲ್ಲಿ ಎರಡು ದಾರಿ. ಕಾಲೇಜು ಲ್ಯಾಬಿನಲ್ಲಿ ಸಿಗುವ ಸಾಧ್ಯತೆ ಜಾಸ್ತಿ ಇರುವುದು ಪ್ರೋಬ್ ಸೋನಿಕೇಟರ್. ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇನೆ.

ಪ್ರೋಬ್ ಅಂದರೆ ಟೈಟಾನಿಯಂನ ಒಂದು ಕಡ್ಡಿ. ಸೆಕೆಂಡಿಗೆ 20,000 ಸಲ ನಡುಗುತ್ತದೆ. ಆ ನಡುಕಕ್ಕೆ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ. ಕುಸಿಯುವಾಗ ಆಗುವ ಪೆಟ್ಟಿಗೆ ಪಕ್ಕದ ಎಣ್ಣೆ ಹನಿ ಚೂರಾಗುತ್ತದೆ. ಕನ್ನಡಕದ ಅಂಗಡಿಯಲ್ಲೂ ಚಿನ್ನದಂಗಡಿಯಲ್ಲೂ ಇರುವ ತೊಟ್ಟಿಯಂಥ ಸೋನಿಕೇಟರ್ ಇದಕ್ಕೆ ಸಾಲದು. ಅದು ತೊಳೆಯಲು ಇರುವಂಥದ್ದು.

ಮೊದಲು ನಿಮ್ಮ ಮಷಿನಿನ ನಿಜವಾದ ಶಕ್ತಿ ಅಳೆಯಿರಿ. ಪರದೆಯಲ್ಲಿ ಕಾಣುವ "40 ಪರ್ಸೆಂಟ್" ಒಂದೊಂದು ಮಷಿನಿನಲ್ಲಿ ಒಂದೊಂದು. 100 ಗ್ರಾಂ ಸಾದಾ ನೀರು ಇಟ್ಟು, ಐಸ್ ಇಲ್ಲದೆ, 60 ಸೆಕೆಂಡ್ ಓಡಿಸಿ. ನೀರು 10 ಡಿಗ್ರಿ ಬಿಸಿಯಾದರೆ ಶಕ್ತಿ ಸುಮಾರು 70 ವಾಟ್. ಲೆಕ್ಕ ಸುಲಭ: ನೀರಿನ ಗ್ರಾಂ ಗುಣಿಸು 4.18 ಗುಣಿಸು ಏರಿದ ಡಿಗ್ರಿ, ಭಾಗಿಸು ಸೆಕೆಂಡ್. ಈ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ನಾಳೆ ಬೇರೆ ಲ್ಯಾಬಿಗೆ ಹೋದರೂ ಇದೇ ನಿಮ್ಮನ್ನು ಕಾಯುವುದು.

ಅದೇ ಲೆಕ್ಕವನ್ನು ಮುಂದುವರಿಸಿ. 70 ವಾಟಿನಲ್ಲಿ 5 ನಿಮಿಷ ಓಡಿಸಿದರೆ 100 ಗ್ರಾಂ ದ್ರವ 50 ಡಿಗ್ರಿ ಏರಬೇಕು. ನಮ್ಮೂರಿನಲ್ಲಿ ಶುರುವೇ 30 ಡಿಗ್ರಿ, ಅಂದರೆ 80. ಆ ಬಿಸಿಗೆ ಟ್ವೀನ್ ನೀರಿನ ಹಿಡಿತ ಬಿಡಲು ಶುರು ಮಾಡುತ್ತದೆ, ಹನಿಗಳು ಮತ್ತೆ ಕೂಡುತ್ತವೆ. ಬೇವಿನ ಅಜಾಡಿರಾಕ್ಟಿನ್, ಅಂದರೆ ಕೀಟಗಳ ಮೇಲೆ ಕೆಲಸ ಮಾಡುವ ಮುಖ್ಯ ಅಂಶ, ಬಿಸಿ ತಡೆಯುವುದಿಲ್ಲ. ಐಸ್ ಬೇಕೇ ಬೇಕು ಅನ್ನುವುದು ಇದಕ್ಕೆ.

ಮೀನಿನ ಪೆಟ್ಟಿಗೆಯಲ್ಲಿ ಪುಡಿ ಐಸ್ ಹಾಕಿ, ಮೇಲೆ ಸ್ವಲ್ಪ ನೀರು ಸುರಿಯಿರಿ. ಬರೀ ಐಸ್ ತುಂಡುಗಳಿದ್ದರೆ ಬೀಕರಿನ ಗೋಡೆಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ತಂಪು ಹಿಡಿಯುವುದಿಲ್ಲ. ಬೀಕರನ್ನು ಕ್ಲಾಂಪಿನಲ್ಲಿ ಬಿಗಿಯಿರಿ. ಪ್ರೋಬಿನ ತುದಿ ದ್ರವದಲ್ಲಿ 2ರಿಂದ 3 ಸೆಂಟಿಮೀಟರ್ ಮುಳುಗಿರಲಿ. ಮೇಲಿದ್ದರೆ ನೊರೆ ಬರುತ್ತದೆ, ಸದ್ದು ಕೀರಲು ಆಗುತ್ತದೆ. ಗಾಜಿಗೆ ತಾಗಿದರೆ ಬೀಕರ್ ಬಿರಿಯುತ್ತದೆ. ನನ್ನ ಮೊದಲ ಬ್ಯಾಚ್ ಹೋದದ್ದು ಹಾಗೆಯೇ. ಐಸ್ ಕರಗಿದಾಗ ಬೀಕರ್ ಒಂದು ಬದಿಗೆ ವಾಲಿತ್ತು, ನಾನು ನೋಡಲಿಲ್ಲ. ಬೇವಿನ ವಾಸನೆ ಆ ಕೋಣೆಯಿಂದ ಹೋಗಲು ಎರಡು ದಿನ ಬೇಕಾಯಿತು.

5 ಸೆಕೆಂಡ್ ಓಡಿಸಿ 5 ಸೆಕೆಂಡ್ ನಿಲ್ಲಿಸುವಂತೆ ಪಲ್ಸ್ ಇಡಿ. ಓಡಿದ ಹೊತ್ತು ಮಾತ್ರ ಲೆಕ್ಕ, ನಿಂತದ್ದು ಅಲ್ಲ. 2, 5, 10, 15 ನಿಮಿಷಕ್ಕೆ ಒಂದೊಂದು ಎಂಎಲ್ ತೆಗೆದಿಡಿ, ಹಂತ 5ರಲ್ಲಿ ಹನಿಯ ಗಾತ್ರ ನೋಡಲು. ದ್ರವ 40 ಡಿಗ್ರಿ ದಾಟದಿರಲಿ. ಕಿವಿಗೆ ಇಯರ್‌ಮಫ್ ಹಾಕಿ, ಇದರಲ್ಲಿ ಸಂಕೋಚ ಬೇಡ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋಗುವುದು ಇದ್ದದ್ದೇ. ಎಷ್ಟು ನಿಮಿಷ ಓಡಿತ್ತು ಅಂತ ಆಗಲೇ ಬರೆದುಕೊಳ್ಳಿ.

ಜಾಸ್ತಿ ಓಡಿಸಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಮೊದಲ ಕೆಲವು ನಿಮಿಷದಲ್ಲಿ ಹನಿ ಸರಸರ ಇಳಿಯುತ್ತದೆ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಓಡಿಸಿದರೆ ಹನಿಗಳು ಡಿಕ್ಕಿ ಹೊಡೆದು ಮತ್ತೆ ದೊಡ್ಡದಾಗಬಹುದು. ಪ್ರೋಬಿನ ತುದಿಯೂ ಸವೆದು ಲೋಹದ ಪುಡಿ ದ್ರವಕ್ಕೆ ಸೇರುತ್ತದೆ. ತುದಿಯಲ್ಲಿ ಗುಳಿಗಳು ಕಂಡರೆ ಲ್ಯಾಬಿನವರಿಗೆ ಹೇಳಿ.

ಎರಡನೇ ದಾರಿ ಹೈ ಪ್ರೆಷರ್ ಹೋಮೊಜಿನೈಸರ್. ದ್ರವವನ್ನು ಭಾರಿ ಒತ್ತಡದಲ್ಲಿ ತುಂಬಾ ಕಿರಿದಾದ ಸಂದಿಯಿಂದ ತಳ್ಳುವ ಪಂಪ್ ಇದು. ಹೊಸ ಕಲ್ಪನೆ ಏನೂ ಅಲ್ಲ. ಫ್ರಾನ್ಸಿನ ಆಗಸ್ಟ್ ಗೋಲಿನ್ 1899ರಲ್ಲಿ ಹಾಲಿಗಾಗಿ ಇದರ ಪೇಟೆಂಟ್ ಪಡೆದಿದ್ದ. ಹೋಮೊಜಿನೈಸ್ ಮಾಡಿದ ಪ್ಯಾಕೆಟ್ ಹಾಲಿನ ಮೇಲೆ, ಕಾಯಿಸದೆ ಇಟ್ಟಾಗ, ಕೆನೆ ಏಳದಿರುವುದು ಇದರಿಂದಲೇ. ಹಾಲಿಗೆ 150ರಿಂದ 200 ಬಾರ್ ಸಾಕು, ನಮಗೆ 500ರಿಂದ 1,000 ಬಾರ್ ಬೇಕು, ಅದೂ ಮೂರರಿಂದ ಐದು ಸಲ. ಮೊದಲು ನೀರು ಹಾಕಿ ಓಡಿಸಿ, ಒತ್ತಡವನ್ನು ಮೆಲ್ಲಗೆ ಏರಿಸಿ. ಒಳಗೆ ಉಳಿದ ನೀರು ಸೇರಿ ಮೊದಲು ಬರುವ ದ್ರವ ತೆಳುವಾಗಿರುತ್ತದೆ, ಅದನ್ನು ಚೆಲ್ಲಿ. ಪ್ರತಿ 100 ಬಾರ್ ಒತ್ತಡಕ್ಕೆ ಸುಮಾರು 2.5 ಡಿಗ್ರಿ ಬಿಸಿ ಏರುತ್ತದೆ. 1,000 ಬಾರ್ ಒತ್ತಡಕ್ಕೆ 25 ಡಿಗ್ರಿ. ಹಾಗಾಗಿ ಒಂದೊಂದು ಸಲಕ್ಕೂ ನಡುವೆ ಐಸಿನಲ್ಲಿ ತಣಿಸಿ. ಒಳಗೆ ದ್ರವ ಇಲ್ಲದೆ ಮಷಿನ್ ಓಡಿಸಬೇಡಿ. ಒತ್ತಡ ಇರುವಾಗ ಯಾವ ನಟ್ಟನ್ನೂ ಸಡಿಲಿಸಬೇಡಿ, ಆ ಸಂದಿಯಿಂದ ಚಿಮ್ಮುವ ದ್ರವ ಚರ್ಮ ಸೀಳುತ್ತದೆ.

ಒಂದು ಲೀಟರಿಗಿಂತ ಜಾಸ್ತಿ ಮಾಡುವವರಿಗೆ ನನ್ನ ಸಲಹೆ ಇದೇ ಮಷಿನ್. ಪ್ರೋಬ್ ಒಳ್ಳೆಯದೇ, ಆದರೆ ದೊಡ್ಡ ಪಾತ್ರೆಯಲ್ಲಿ ಮೂಲೆಯ ದ್ರವ ತುದಿಯ ಹತ್ತಿರ ಬರುವುದೇ ಇಲ್ಲ.

ಪರಿಮಳದ ಎಣ್ಣೆಯಾದರೆ

ನಿಂಬೆಹುಲ್ಲು, ಲವಂಗ, ದಾಲ್ಚಿನ್ನಿ ಎಲೆಯ ಎಣ್ಣೆ ಹಾಕಿದವರು "ಮೊದಲ ದಿನ ಚೆನ್ನಾಗಿತ್ತು, ವಾರಕ್ಕೆ ಹಾಳಾಯ್ತು" ಅನ್ನುತ್ತಾರೆ. ಈ ಎಣ್ಣೆಗಳು ನೀರಿನಲ್ಲಿ ಸ್ವಲ್ಪ ಕರಗುತ್ತವೆ. ಸಣ್ಣ ಹನಿಯ ಎಣ್ಣೆ ನೀರಿಗೆ ಇಳಿದು, ಪಕ್ಕದ ದೊಡ್ಡ ಹನಿಗೆ ಹೋಗಿ ಸೇರುತ್ತದೆ. ಸಣ್ಣದು ಮಾಯ, ದೊಡ್ಡದು ಇನ್ನೂ ದೊಡ್ಡದು. ಇದಕ್ಕೆ ಆಸ್ಟ್ವಾಲ್ಡ್ ರೈಪನಿಂಗ್ ಅಂತ ಹೆಸರು. ಮಷಿನಿನಿಂದ ಇದಕ್ಕೆ ಮದ್ದಿಲ್ಲ. ನೀರಿನಲ್ಲಿ ಕರಗದ ಎಳ್ಳೆಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ಮೊದಲೇ ಬೆರೆಸಿ. ಅರ್ಧಕ್ಕರ್ಧದಿಂದ ಶುರು ಮಾಡಿ, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ.

ಹಂತ 5: ನಿಜಕ್ಕೂ ನ್ಯಾನೋ ಆಯಿತಾ?

ಕಣ್ಣಿನಿಂದಲೇ ಅರ್ಧ ಗೊತ್ತಾಗುತ್ತದೆ. ಬಾಟಲಿಯ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಗಟ್ಟಿ ಬಿಳಿ ಇದ್ದರೆ ಹನಿ ಇನ್ನೂ ದೊಡ್ಡದು. ಹನಿ ಸಣ್ಣದಾಗುತ್ತಾ ಹೋದಂತೆ ಅಂಚಿನಲ್ಲಿ ನೀಲಿ ಛಾಯೆ ಬರುತ್ತದೆ, ಆಚೆಯಿಂದ ಟಾರ್ಚ್ ಹಾಕಿದರೆ ಬೆಳಕು ಕಿತ್ತಳೆಯಾಗಿ ಕಾಣುತ್ತದೆ.

ಪಕ್ಕಾ ಬೇಕಾದರೆ ಡಿಎಲ್‌ಎಸ್ ಪರೀಕ್ಷೆ ಮಾಡಿಸಬೇಕು. ಲೇಸರ್ ಬೆಳಕು ಚೆದುರುವುದನ್ನು ನೋಡಿ ಹನಿಯ ಗಾತ್ರ ಹೇಳುವ ಉಪಕರಣ ಅದು. ಸ್ಯಾಂಪಲನ್ನು ಸೋಸಿದ ನೀರಿನಲ್ಲಿ ಸುಮಾರು 100 ಪಟ್ಟು ತೆಳು ಮಾಡಿಕೊಂಡು ಹೋಗಿ, ಮೂರು ಸಲ ಓದಿಸಿ. ವರದಿಯಲ್ಲಿ ಸರಾಸರಿ ಗಾತ್ರದ ಜೊತೆ ಪಿಡಿಐ ಅಂತ ಇರುತ್ತದೆ. ಹನಿಗಳೆಲ್ಲ ಒಂದೇ ಗಾತ್ರವೋ ಅಥವಾ ಬೆರಕೆಯೋ ಅನ್ನುವುದರ ಅಂಕಿ ಅದು. 0.2ರ ಹತ್ತಿರ ಇದ್ದರೆ ಖುಷಿಪಡಿ, 0.3 ದಾಟಿದರೆ ಹಂತ 3ಕ್ಕೆ ವಾಪಸ್. ವರದಿಯಲ್ಲಿ "ನಂಬರ್" ಲೆಕ್ಕದ, ಅಂದರೆ ಹನಿಗಳನ್ನು ಬರೀ ಎಣಿಸಿ ತೆಗೆದ, ಗಾತ್ರ ಯಾವಾಗಲೂ ಚೆಂದ ಕಾಣುತ್ತದೆ. ಅದನ್ನೇ ತೋರಿಸಿ ಬೀಗಬೇಡಿ, ಪರೀಕ್ಷಕರಿಗೆ ಗೊತ್ತಾಗುತ್ತದೆ.

ಆಮೇಲೆ ಸೆಂಟ್ರಿಫ್ಯೂಜಿನಲ್ಲಿ, ಅಂದರೆ ಟ್ಯೂಬನ್ನು ಗಿರಗಿರ ತಿರುಗಿಸುವ ಉಪಕರಣದಲ್ಲಿ, 3,500 ಆರ್‌ಪಿಎಂಗೆ 30 ನಿಮಿಷ ತಿರುಗಿಸಿ, ಎಣ್ಣೆ ಬೇರೆಯಾಗುತ್ತದಾ ನೋಡಿ. ಒಂದು ಬಾಟಲಿಯನ್ನು ಎರಡು ದಿನ ಫ್ರಿಜ್ಜಿನಲ್ಲಿ, ಎರಡು ದಿನ 45 ಡಿಗ್ರಿಯಲ್ಲಿ ಇಟ್ಟು, ಹೀಗೆ ಆರು ಸುತ್ತು ಮಾಡಿ. 1, 7, 30ನೇ ದಿನದ ಗಾತ್ರ ಬರೆದಿಡಿ. ಮಾಡಿದ ದಿನದ ಅಂಕಿ ಒಂದನ್ನೇ ಇಟ್ಟುಕೊಂಡರೆ ಅದಕ್ಕೆ ಬೆಲೆ ಇಲ್ಲ.

ಹಂತ 6: ಇಡುವುದು, ಬಿಡುವುದು

ಕಂದು ಬಣ್ಣದ ಗಾಜಿನ ಬಾಟಲಿ, ನೆರಳು. ನಮ್ಮ ತೇವಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ವಾರಕ್ಕಿಂತ ಜಾಸ್ತಿ ಇಡುವುದಾದರೆ 0.2 ಗ್ರಾಂ ಪೊಟ್ಯಾಸಿಯಂ ಸೋರ್ಬೇಟನ್ನು ಹಂತ 2ರಲ್ಲೇ ನೀರಿಗೆ ಹಾಕಿ, ಸ್ವಲ್ಪ ಸಿಟ್ರಿಕ್ ಆಸಿಡ್‌ನಿಂದ ಪಿಎಚ್ 5ಕ್ಕೆ ತನ್ನಿ. ನೋಡಲು ತೆಳು ಹಾಲಿನಂತೆ ಇರುತ್ತದೆ, ಹಾಗಾಗಿ ದೊಡ್ಡದಾಗಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೇವಿನೆಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ. ಪಾತ್ರೆ ತೊಳೆದ ನೀರು ಬಾವಿ, ಕೆರೆ ಕಡೆ ಹರಿಯದಿರಲಿ.

ಮಲ್ಲಿಗೆಗಾದರೆ 100 ಎಂಎಲ್‌ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ಆಗ ಎಣ್ಣೆ ಲೀಟರಿಗೆ 5 ಗ್ರಾಂ ಆಯಿತು. ಮೊದಲು ಒಂದು ಗಿಡದ ನಾಲ್ಕು ಎಲೆಗೆ ಮಾತ್ರ ಸಂಜೆ ಬಿಟ್ಟು ಎರಡು ದಿನ ನೋಡಿ. ಹನಿ ಸಣ್ಣದಾದಂತೆ ಎಲೆಯ ಮೇಲೆ ಚೆನ್ನಾಗಿ ಹರಡುತ್ತದೆ, ಸುಡುವುದಿದ್ದರೆ ಅಷ್ಟೇ ಚೆನ್ನಾಗಿ ಸುಡುತ್ತದೆ. ಮಾರುವ ಯೋಚನೆ ಇದ್ದರೆ, ಬೇವಿನದ್ದೇ ಆದರೂ ಕೀಟನಾಶಕ ಅಂತ ಮಾರಲು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು.

ಇನ್ನು, ಒಂದೆಕರೆ ಅಡಿಕೆ ತೋಟಕ್ಕೆ ಮದ್ದು ಬಿಡುವವರು ಇದನ್ನು ಓದಿ ಪ್ರೋಬ್ ಹುಡುಕಿಕೊಂಡು ಹೋಗಬೇಡಿ. ಒಂದು ಲೀಟರ್ ಸಿಂಪಡಣೆಗೆ ಅರ್ಧ ಗಂಟೆ ಮಷಿನ್ ಓಡಬೇಕು. ನಿಮಗೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ಕದಡಿ, ಪಂಪ್ ಅಲ್ಲಾಡಿಸುತ್ತಾ ಆಗಲೇ ಬಿಟ್ಟು ಮುಗಿಸುವುದೇ ಸರಿ.